ಅತ್ತಿಗೆ ಊರು ಬಿಟ್ಟ ಕಾರಣ

ಪುಣೆ ಕ್ಯಾಂಪ್
13 ಅಕ್ಟೋಬರ್ 2024

ಲೀಲಾಕ್ಷಿ ಅತ್ತಿಗೆಯವರಿಗೆ ಮೈದುನ ಸುಬ್ಬಯ್ಯನ ನಮಸ್ಕಾರ.

ನೀವು ಜಾರ್ಜಿಯಾ ದೇಶಕ್ಕೆ ಹೋಗಿ ಒಂದು ತಿಂಗಳಾಯಿತು. ಫೋನಿನಲ್ಲಿ ನಿಮ್ಮ ಮುಖ ಕಾಣಿಸಿದ ಕೂಡಲೇ ನನ್ನ ಹೆಂಡತಿ ಗುಲಾಬಿ, ಮಗ, ಸೊಸೆ ಮೂವರೂ ಒಟ್ಟಿಗೆ ಮಾತಾಡುತ್ತಾರೆ. ನನ್ನ ಸರದಿ ಬರುವಾಗ ನೀವು ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎನ್ನುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಭಾನುವಾರ ಲತೇಶ, ಯಶ್ಮಿತಾ ವಾಕಡದ ತಮ್ಮ ಮನೆಯಿಂದ ಬರುತ್ತಾರಲ್ಲ, ಆಗ ಯಶ್ಮಿತಾ ಇದರ ಫೋಟೋ ತೆಗೆದು ನಿಮಗೆ ಕಳಿಸುತ್ತಾಳೆ. ಓದುವುದಿಲ್ಲ ಎಂದು ಮಾವನಿಗೆ ಮಾತು ಕೊಟ್ಟಿದ್ದಾಳೆ.

ನಿನ್ನೆ ದಸರೆ. ನಮ್ಮ ಹೋಟೆಲಿನ ಗ್ರೈಂಡರಿಗೆ ಹೂ ಹಾಕಿ ಪೂಜೆ ಮಾಡಿದೆವು. ಬಂದ ಗಿರಾಕಿಗಳೆಲ್ಲ ನಿಮ್ಮನ್ನೇ ಕೇಳಿದರು. ಒಬ್ಬರಿಗೆ ಹವೆ ಬದಲಾವಣೆಗೆ ಹೋಗಿದ್ದಾರೆ ಎಂದೆ, ಇನ್ನೊಬ್ಬರಿಗೆ ತೀರ್ಥಯಾತ್ರೆ ಎಂದೆ. ಕಿಟಕಿ ಪಕ್ಕದ ಮೇಜಿನ ನಮ್ಮ ವಿಜಯಪುರದ ಮಲಕಪ್ಪನವರು ಮಾತ್ರ ಯಾವುದನ್ನೂ ನಂಬಲಿಲ್ಲ. ಚಮಚ ಕೆಳಗಿಟ್ಟು ಹೇಳಿದರು: "ಸುಬ್ಬಯ್ಯನವರ, ಅಕ್ಕಾರು ಐವತ್ತೆಂಟನೇ ವರ್ಷಕ್ಕ ದೇಶ ಬಿಟ್ಟು ಹೋಗ್ಯಾರ ಅಂದ್ರ ಸಣ್ಣ ಮಾತಲ್ರಿ. ಏನೋ ಮನಸ್ಸಿಗೆ ಹತ್ತೇದ."

ಆ ಮಾತು ನನಗೂ ಹತ್ತಿತು. ಯೋಚಿಸಿ ನೋಡಿದರೆ ಸಾಂಬಾರ್ ಪುಡಿಯದ್ದೇ ಕಾರಣ ಎಂದು ತೋರುತ್ತದೆ. ನೀವು ಹುರಿದು ಪುಡಿ ಮಾಡುತ್ತಿದ್ದದ್ದನ್ನು ನಿಲ್ಲಿಸಿ ಲತೇಶ ಪ್ಯಾಕೆಟ್ ತರಿಸಿದ. ನಾನು ಸುಮ್ಮನಿದ್ದೆ. ಅಣ್ಣ ತೀರಿಕೊಂಡ ಮೇಲೂ ಅಡುಗೆಮನೆಯನ್ನು ನಿಲ್ಲಿಸದೆ ನಡೆಸಿದವರು ನೀವು, ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು. ಈಗ ಪ್ಯಾಕೆಟ್ ಬಂದ್ ಮಾಡಿಸಿದ್ದೇನೆ. ಒಂದು ವರ್ಷಕ್ಕೆಂದು ಹೋದವರು, ಬೇಕಾದರೆ ಅದಕ್ಕೂ ಮೊದಲೇ ಬನ್ನಿ. ಕೊತ್ತಂಬರಿ ತಂದಿಟ್ಟಿದ್ದೇನೆ.

ಸುಬ್ಬಯ್ಯ

*

ತ್ಬಿಲಿಸಿ
24 ಅಕ್ಟೋಬರ್ 2024

ಪ್ರೀತಿಯ ಸುಬ್ಬಯ್ಯ,

ಕಾಗದ ತಲುಪಿತು. ಯಶ್ಮಿತಾ ಓದಿಲ್ಲವೆಂದೇ ನಂಬುತ್ತೇನೆ, ಆದರೆ ಎರಡನೇ ಪುಟದ ಜೊತೆ ಒಂದು ನಗುವ ಮುಖವನ್ನೂ ಕಳಿಸಿದ್ದಾಳೆ.

ಪುಡಿಯ ವಿಷಯದಲ್ಲಿ ಬೇಸರವಾದದ್ದು ನಿಜ, ನಾಲ್ಕು ದಿನ. ಪ್ಯಾಕೆಟ್ ಪುಡಿಗಾಗಿ ಹೆಂಗಸರು ದೇಶ ಬಿಡುವುದಾದರೆ ಪುಣೆಯಲ್ಲಿ ಒಬ್ಬಳೂ ಉಳಿಯಲಿಕ್ಕಿಲ್ಲ. ಆ ಕೊತ್ತಂಬರಿ ಹುಳ ಹಿಡಿಯುವ ಮೊದಲು ನೀನೇ ಹುರಿ.

ಇಲ್ಲಿ ನಾನು ಚೆನ್ನಾಗಿದ್ದೇನೆ. ಸುಖೇಶನ ಮೆಸ್ ಒಂದು ಹಳೆಯ ಮನೆಯ ಕೆಳಗಿನ ಅಂತಸ್ತಿನಲ್ಲಿದೆ. ಪುಣೆಯಲ್ಲಿ ಓದುವಾಗ ನಮ್ಮಲ್ಲಿ ಬನ್ಸ್ ತಿನ್ನುತ್ತಿದ್ದ ಆ ಪುತ್ತೂರಿನ ಹುಡುಗ ಈಗ ದೊಡ್ಡ ಯಜಮಾನ, ಹೊಟ್ಟೆಯೂ ಬಂದಿದೆ. ಊಟಕ್ಕೆ ಬರುವವರೆಲ್ಲ ಇಲ್ಲಿ ಡಾಕ್ಟರಿಕೆ ಓದುವ ನಮ್ಮ ದೇಶದ ಮಕ್ಕಳು. ಕಲಬುರಗಿಯವರು, ಸೊಲ್ಲಾಪುರದವರು, ಮಂಗಳೂರಿನವರು, ಕೇರಳದವರು. ಮೊದಲ ವಾರ ಅಮ್ಮನ ಕೈಯಡುಗೆ ಎಂದು ಹೊಗಳಿದರು. ಎರಡನೇ ವಾರದಿಂದ ಪಲ್ಯಕ್ಕೆ ಉಪ್ಪು ಜಾಸ್ತಿ ಎಂದು ದೂರುತ್ತಿದ್ದಾರೆ. ಈಗ ಅವರಿಗೆ ಇದು ಮನೆಯಾಯಿತು ಎಂದು ತಿಳಿದುಕೊಂಡೆ.

ಇಲ್ಲಿನ ಮಾತಿನಲ್ಲಿ 'ದೇದಾ' ಎಂದರೆ ಅಮ್ಮ, 'ಮಾಮಾ' ಎಂದರೆ ಅಪ್ಪ. ನಾನು ಪುಣೆಯ ಅಭ್ಯಾಸದಲ್ಲಿ ತರಕಾರಿ ಅಂಗಡಿಯವನನ್ನು ಮಾಮಾ ಎಂದು ಕರೆದುಬಿಟ್ಟೆ. ಅವನಿಗೆ ನಲವತ್ತು ವಯಸ್ಸಿರಬಹುದು. ಅವನ ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

ಹುಣಸೆಹುಳಿ ಸಿಗುವುದು ಕಷ್ಟ. ಅಂಗಳದ ಆಚೆ ಬದಿಯಲ್ಲಿರುವ ನಾನಾ ಅವರು ಒಂದು ಹುಳಿ ಹಣ್ಣಿನ ಗೊಜ್ಜು ತಂದುಕೊಟ್ಟರು. ಸಾಂಬಾರಿಗೆ ಹಾಕಿದೆ, ಒಪ್ಪಿತು. ನಾನಾ ಅವರಿಗೆ ಎಪ್ಪತ್ತರ ಹತ್ತಿರ. ಒಬ್ಬರೇ ಇರುವುದು. ದಿನಾ ಸಂಜೆ ಬಂದು ದ್ರಾಕ್ಷಿ ಚಪ್ಪರದ ಕೆಳಗೆ ನನ್ನ ಜೊತೆ ಕೂರುತ್ತಾರೆ. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಆದರೂ ಮಾತು ಮುಗಿಯುವುದೇ ಇಲ್ಲ.

ಅತ್ತಿಗೆ

*

ಪುಣೆ ಕ್ಯಾಂಪ್
17 ನವೆಂಬರ್ 2024

ಅತ್ತಿಗೆಯವರಿಗೆ ನಮಸ್ಕಾರ.

ಪುಡಿ ಅಲ್ಲವೆಂದಾದರೆ ಇನ್ನೊಂದೇ ಕಾರಣ ಉಳಿಯುತ್ತದೆ. ಅದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ.

ಲತೇಶನ ಮದುವೆಯ ದಿನ, ಧಾರೆಯ ಹೊತ್ತಿಗೆ, ಗುಲಾಬಿ ನಿಮ್ಮ ಹತ್ತಿರ ಬಂದು ಅಡುಗೆ ಕಡೆ ಸ್ವಲ್ಪ ನೋಡಿಕೊಳ್ಳಿ ಅಕ್ಕ ಎಂದಳು. ಅಡುಗೆಗೆ ಬೇರೆಯವರಿಗೆ ಹೇಳಿಯಾಗಿತ್ತು, ಅಲ್ಲಿ ನೋಡಿಕೊಳ್ಳುವಂಥದ್ದು ಏನೂ ಇರಲಿಲ್ಲ. ಗಂಡನಿಲ್ಲದವರು ಮಂಟಪದ ಎದುರು ನಿಲ್ಲಬಾರದೆಂದು ಅವಳಿಗೆ ಯಾರೋ ಹೇಳಿದ್ದರು. ಎತ್ತಿ ಆಡಿಸಿದ ಹುಡುಗನ ಧಾರೆಯನ್ನು ನೀವು ನೋಡಲಿಲ್ಲ. ಮೊನ್ನೆ ನಾನು ಈ ಮಾತು ತೆಗೆದೆ. ಗುಲಾಬಿ ಇಡೀ ದಿನ ಅತ್ತಳು, ಊಟ ಮಾಡಲಿಲ್ಲ.

ಹೇಳಬೇಕಾದದ್ದು ಇಷ್ಟು. ನಿಮ್ಮ ಮೇಲಿನ ಕೋಣೆಗೆ ಸುಣ್ಣಬಣ್ಣ ಮಾಡಿಸಿದ್ದೇನೆ. ಗೀಸರ್ ಹಾಕಿಸಿದ್ದೇನೆ. ಬಾಲ್ಕನಿಯ ಬಾಗಿಲು ಈಗ ಸರಿಯಾಗಿ ಮುಚ್ಚುತ್ತದೆ. ಸೆಪ್ಟೆಂಬರಿನಲ್ಲಿ ನೀವು ಬರುವಾಗ ಕೋಣೆ ತಯಾರಿರುತ್ತದೆ. ಅಲ್ಲಿಗೆ ಹೋಗುವ ಸೊಲ್ಲಾಪುರದ ಹುಡುಗನೊಬ್ಬನನ್ನು ಸ್ವಾರಗೇಟ ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಎರಡು ಸ್ವೆಟರ್ ಕೊಟ್ಟು ಕಳಿಸಿದ್ದೇನೆ.

ನಾನಾ ಅವರಿಗೂ ನನ್ನ ನಮಸ್ಕಾರ ತಿಳಿಸಿ.

ಸುಬ್ಬಯ್ಯ

*

ತ್ಬಿಲಿಸಿ
5 ಡಿಸೆಂಬರ್ 2024

ಪ್ರೀತಿಯ ಸುಬ್ಬಯ್ಯ,

ಸ್ವೆಟರ್ ಬಂತು. ಒಂದನ್ನು ನಾನು ಹಾಕಿಕೊಂಡೆ, ಇನ್ನೊಂದು ನಾನಾ ಅವರಿಗೆ ಸರಿಯಾಯಿತು.

ಮದುವೆಯ ದಿನದ ಮಾತನ್ನು ಮರೆತಿದ್ದೇನೆ ಎಂದರೆ ಸುಳ್ಳಾಗುತ್ತದೆ. ಆದರೆ ನಾನು ಇಲ್ಲಿಗೆ ಬಂದದ್ದು ಅದಕ್ಕಲ್ಲ. ಗುಲಾಬಿಗೆ ಊಟ ಮಾಡಲು ಹೇಳು. ನೀನು ಒಂದೊಂದೇ ಕಾರಣ ಹುಡುಕಿ ತೆಗೆದು ಮನೆಯವರನ್ನು ಅಳಿಸಬೇಡ.

ನಿನ್ನೆ ಹಿಮ ಬಿತ್ತು. ಮಕ್ಕಳು ನನ್ನನ್ನು ಅಡುಗೆಮನೆಯಿಂದ ಎಳೆದುಕೊಂಡು ಹೋದರು. ಕಲಬುರಗಿಯ ಅನುಜಾ ಎಂಬ ಹುಡುಗಿ ನನ್ನ ಕುತ್ತಿಗೆಗೆ ಹಿಮದ ಉಂಡೆ ಹಾಕಿ, "ಆಂಟಿ, ಥಂಡಿ ಆತೇನ್ರಿ?" ಎಂದು ವಿಚಾರಿಸಿದಳು. ಇನ್ನೆರಡು ದಿನ ಅವಳಿಗೆ ತುಪ್ಪ ಹಾಕುವುದಿಲ್ಲ. ನಾನಾ ತಮ್ಮ ತುಪ್ಪಳದ ಟೋಪಿ ತಂದು ನನ್ನ ತಲೆಗಿಟ್ಟರು. ನಿನ್ನ ನಮಸ್ಕಾರವನ್ನು ಸುಖೇಶನ ಮೂಲಕ ಹೇಳಿಸಿದೆ. ಬಹಳ ಖುಷಿಯಾಗಿ ನನ್ನ ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಇಲ್ಲಿ ಹಾಗೆಯೇ.

ಕೋಣೆಗೆ ಗೀಸರ್ ಹಾಕಿಸಿದ್ದು ಒಳ್ಳೆಯದಾಯಿತು. ಆ ಕೋಣೆಯನ್ನು ಸುಮ್ಮನೆ ಖಾಲಿ ಇಡಬೇಡ.

ಅತ್ತಿಗೆ

*

ಪುಣೆ ಕ್ಯಾಂಪ್
22 ಡಿಸೆಂಬರ್ 2024

ಅತ್ತಿಗೆಯವರಿಗೆ,

ಕಾಗದ ತಲುಪಿತು. ನಾವೆಲ್ಲ ಕ್ಷೇಮ. ಹೋಟೆಲ್ ನಡೆಯುತ್ತಿದೆ.

ಪರದೇಶದಲ್ಲಿ ಒಂಟಿ ಹೆಂಗಸು ಜಾಗ್ರತೆಯಾಗಿರಬೇಕು ಎಂದಷ್ಟೇ ಹೇಳಬಲ್ಲೆ. ಮನೆತನದ ಹೆಸರು ನಿಮಗೆ ಗೊತ್ತಿಲ್ಲದ್ದಲ್ಲ.

ಸುಬ್ಬಯ್ಯ

*

ತ್ಬಿಲಿಸಿ
2 ಜನವರಿ 2025

ಪ್ರೀತಿಯ ಸುಬ್ಬಯ್ಯ,

ಇಷ್ಟು ಚಿಕ್ಕ ಕಾಗದ ನೀನು ಬರೆದದ್ದೇ ಇಲ್ಲ. ಹುಷಾರಿಲ್ಲವೇ? ಕ್ರಿಸ್‌ಮಸ್ ಗಿರಾಕಿಗಳ ಗಲಾಟೆ ಇರಬಹುದು ಎಂದುಕೊಂಡೆ. ಇಲ್ಲಿ ಕಳ್ಳರ ಭಯವೇನೂ ಇಲ್ಲ. ಇದ್ದರೂ ನಾನಾ ಇದ್ದಾರೆ, ಚಿಂತೆ ಮಾಡಬೇಡ.

ನಿನ್ನೆಯದು ಹೇಳಲೇಬೇಕು. ಹೊಸ ವರ್ಷದ ದಿನ ಮನೆಯ ಹೊಸ್ತಿಲನ್ನು ಮೊದಲು ಯಾರು ದಾಟುತ್ತಾರೋ ಅವರ ಕಾಲ್ಗುಣದಿಂದ ಇಡೀ ವರ್ಷ ಶುಭವಾಗುತ್ತದೆ ಎಂದು ಇಲ್ಲಿನವರ ನಂಬಿಕೆ. ಅದಕ್ಕೆ ಯಾರನ್ನೋ ಕರೆಯುವುದಿಲ್ಲ, ಯೋಚಿಸಿ ಆರಿಸುತ್ತಾರೆ. ನಾನಾ ನನ್ನನ್ನು ಆರಿಸಿದರು. ಹಸಿರು ರೇಷ್ಮೆ ಸೀರೆ ಉಟ್ಟೆ. ಕೈಯಲ್ಲಿ ಸಿಹಿಯ ತಟ್ಟೆ ಹಿಡಿದು ಬಲಗಾಲಿಟ್ಟು ಅವರ ಮನೆಯೊಳಗೆ ಹೋದೆ. ಅವರ ನೆಂಟರೆಲ್ಲ ಎದ್ದು ನಿಂತಿದ್ದರು. ಒಬ್ಬೊಬ್ಬರಾಗಿ ಲೋಟ ಎತ್ತಿ ನನ್ನ ಹೆಸರು ಹೇಳಿ ಹರಸಿದರು. ನನಗೆ ಕಣ್ಣಲ್ಲಿ ನೀರು ಬಂತು, ಯಾಕೆಂದು ಅವರಿಗೆ ತಿಳಿಯಲಿಲ್ಲ.

ಇನ್ನೊಂದು ಮಾತು. ಸೆಪ್ಟೆಂಬರಿನಲ್ಲಿ ನಾನು ಬರುವುದು ಅನುಮಾನ. ವಿವರವಾಗಿ ಮುಂದೆ ಬರೆಯುತ್ತೇನೆ.

ಅತ್ತಿಗೆ

*

ಪುಣೆ ಕ್ಯಾಂಪ್
16 ಮಾರ್ಚ್ 2025

ಅತ್ತಿಗೆಯವರಿಗೆ ಸುಬ್ಬಯ್ಯನ ನಮಸ್ಕಾರ.

ಎರಡು ತಿಂಗಳು ನಾನು ಬರೆಯಲಿಲ್ಲ. ಫೋನಿಗೂ ಬರಲಿಲ್ಲ. ಸಿಟ್ಟು ಬಂದಿತ್ತು. ಈಗ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಬಲಗಾಲಿಟ್ಟು ನಾನಾ ಅವರ ಮನೆ ತುಂಬಿದ ಸುದ್ದಿ ಓದಿ ನಾನು ಗಲ್ಲಾದ ಮುಂದಿನಿಂದ ಎದ್ದು ಹೊರಗೆ ಹೋದೆ. ಮೊದಲು ಯಾರಿಗೂ ಹೇಳಲಿಲ್ಲ. ಹೇಳದೆ ಇರಲೂ ಆಗಲಿಲ್ಲ. ಮನೆಯಲ್ಲಿ ಎಲ್ಲರನ್ನೂ ಕೂರಿಸಿದೆ. ಲತೇಶ ತಲೆ ಕೆಳಗೆ ಹಾಕಿ ಕೂತ. ದೊಡ್ಡಮ್ಮನಿಗೆ ಇಷ್ಟ ಇದ್ದರೆ ನಮ್ಮದೇನು ಅಡ್ಡಿ ಎಂದು ಯಶ್ಮಿತಾ ನನ್ನನ್ನೇ ಕೇಳಿದಳು.

ಕೊನೆಗೆ ಮಲಕಪ್ಪನವರಿಗೆ ಹೇಳಿದೆ. ಅವರು ನಗುತ್ತಾರೆ ಎಂದುಕೊಂಡಿದ್ದೆ. ಅವರು ಚಹಾದ ಲೋಟ ಬದಿಗೆ ಸರಿಸಿ ಹೇಳಿದರು: "ನಮ್ಮ ಅಕ್ಕ ಗೌರಾಬಾಯಿಗೆ ಮೂವತ್ತಕ್ಕ ಗಂಡ ಹೋದ. ಮುಂದ ಒಂದು ಸಂಬಂಧ ಬಂದಿತ್ರಿ. ಅಪ್ಪ ಬ್ಯಾಡಂದ. ಭಾಳ ಒಳ್ಳೆ ಮನಿಶ್ಯಾ ಇದ್ದ ಅಂವ." ಅಷ್ಟು ಹೇಳಿ ದೋಸೆಯನ್ನೂ ಮುಗಿಸದೆ ಎದ್ದು ಹೋದರು.

ಅಂದಿನಿಂದ ನಾನು ಬೇರೆ ರೀತಿ ಯೋಚಿಸತೊಡಗಿದೆ. ನಿಮಗೆ ಮಕ್ಕಳಿಲ್ಲ. ಅಣ್ಣ ಹೋಗಿ ಹನ್ನೊಂದು ವರ್ಷವಾಯಿತು. ಸಂಜೆ ಜೊತೆಗೆ ಕೂರಲು ಒಬ್ಬರು ಸಿಕ್ಕಿದ್ದಾರೆ ಎಂದರೆ ಅದರಲ್ಲಿ ನನ್ನ ಗಂಟು ಹೋಗುವುದೇನು? ಅಣ್ಣನ ಫೋಟೋದ ಎದುರು ನಿಂತು ಎಲ್ಲವನ್ನೂ ಹೇಳಿದೆ. ಅವನು ಬದುಕಿದ್ದಾಗಿನಂತೆಯೇ ಏನೂ ಮಾತಾಡಲಿಲ್ಲ. ಒಪ್ಪಿಗೆ ಎಂದು ತಿಳಿದುಕೊಂಡೆ.

ಆದ್ದರಿಂದ ಅತ್ತಿಗೆ, ನಾನಾ ಅವರನ್ನು ಮದುವೆಯಾಗುವುದಾದರೆ ಈ ಮನೆಯಿಂದ ಯಾರ ಅಭ್ಯಂತರವೂ ಇಲ್ಲ. ಕದ್ದುಮುಚ್ಚಿ ಬೇಡ. ಇಬ್ಬರೂ ಪುಣೆಗೆ ಬನ್ನಿ, ಒಂದು ಊಟ ನಾವು ಹಾಕಿಸುತ್ತೇವೆ. ಅವರನ್ನು ನಾನು ಏನೆಂದು ಕರೆಯಬೇಕು ಎಂಬುದೊಂದು ಗೊತ್ತಾಗುತ್ತಿಲ್ಲ. ಒಂದು ಫೋಟೋ ಕಳಿಸಿ.

ಸುಬ್ಬಯ್ಯ

*

ತ್ಬಿಲಿಸಿ
23 ಮಾರ್ಚ್ 2025

ನನ್ನ ಸುಬ್ಬಯ್ಯ,

ಫೋಟೋ ಇದರ ಜೊತೆಗಿದೆ. ಟೋಪಿ ಹಾಕಿಕೊಂಡು, ನೀನು ಕಳಿಸಿದ ನೀಲಿ ಸ್ವೆಟರ್ ತೊಟ್ಟು, ನನ್ನ ಹೆಗಲ ಮೇಲೆ ಕೈಯಿಟ್ಟು ನಿಂತವರು ನಾನಾ. ಹೆಂಗಸು. ಈ ದೇಶದಲ್ಲಿ ನಾನಾ ಎಂಬುದು ಹೆಂಗಸರ ಹೆಸರು. ಶಾಲೆಯಲ್ಲಿ ಪಿಯಾನೋ ಕಲಿಸುತ್ತಿದ್ದರು. ಗಂಡ ತೀರಿಕೊಂಡು ಬಹಳ ವರ್ಷವಾಯಿತು. ಅವರಿಗೂ ನಿನ್ನ ಕಾಗದವನ್ನು ಸುಖೇಶನಿಂದ ಹೇಳಿಸಿದೆ. ನಕ್ಕು ನಕ್ಕು ಕುರ್ಚಿಯಿಂದ ಜಾರಿದರು. ಮೈದುನ ಇಷ್ಟು ಒಳ್ಳೆಯವನಾದರೆ ನನ್ನನ್ನು ಮದುವೆಯಾಗಲು ತಾವು ತಯಾರು ಎಂದು ಹೇಳುತ್ತಿದ್ದಾರೆ.

ನಾನು ಮೊದಲು ನಕ್ಕೆ. ಆಮೇಲೆ ಕಾಗದವನ್ನು ಮತ್ತೆ ಓದಿ ಅಳು ಬಂತು. ನಿನ್ನ ಅಣ್ಣನ ಫೋಟೋದ ಎದುರು ನೀನು ನಿಂತದ್ದು ಕಣ್ಣಿಗೆ ಕಟ್ಟಿತು. ನಿನಗೆ ಅದು ಎಷ್ಟು ಕಷ್ಟದ ಮಾತು ಎಂದು ನನಗೆ ಗೊತ್ತು. ಇಷ್ಟು ದೊಡ್ಡ ಮಾತನ್ನು ಹೇಳಿದವನಿಗೆ ನಾನು ಇನ್ನು ಏನನ್ನೂ ಮುಚ್ಚಿಡಬಾರದು.

ನಾನು ಇಲ್ಲೇ ಇರುತ್ತೇನೆ. ಇಲ್ಲಿ ನೆಲೆಸಲು ಅರ್ಜಿ ಹಾಕಿದ್ದು ಡಿಸೆಂಬರಿನಲ್ಲಿ. ನಿನಗೆ ಹೇಳಲು ಧೈರ್ಯ ಬರಲಿಲ್ಲ. ಹೋದ ವಾರ ಒಪ್ಪಿಗೆ ಬಂತು. ಸುಖೇಶ ಇನ್ನೊಂದು ಊರಿನಲ್ಲಿ ಮೆಸ್ ತೆರೆಯುತ್ತಾನೆ, ಇದನ್ನು ಇನ್ನು ಮುಂದೆ ನಾನೇ ನಡೆಸುತ್ತೇನೆ.

ಯಾಕೆ ಎಂದು ನೀನು ಕೇಳುತ್ತಲೇ ಇದ್ದೀ. ಎಲ್ಲರೂ ಕೇಳುತ್ತಾರೆ. ಆದರೆ ಸುಬ್ಬಯ್ಯ, ನಾನು ಊರು ಬಿಟ್ಟದ್ದು ಇದು ಎರಡನೇ ಸಲ. ಮೊದಲ ಸಲ ನನಗೆ ಹತ್ತೊಂಬತ್ತು. ಕಾರ್ಕಳದಲ್ಲಿ ಟೀಚರ್ ಟ್ರೈನಿಂಗಿಗೆ ಹೆಸರು ಬರೆಸಿದ್ದೆ. ತಿಂಗಳೊಳಗೆ ಮದುವೆಯಾಗಿ, ಬಸ್ಸಿನಲ್ಲಿ ವಾಂತಿ ಮಾಡಿಕೊಳ್ಳುತ್ತಾ ಬಂದು ಸ್ವಾರಗೇಟದಲ್ಲಿ ಇಳಿದೆ. ನೀನು ರಿಕ್ಷಾ ತಂದಿದ್ದೆ, ನಿನಗೆ ಆಗಿನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಅಲ್ಲಿನ ಮಾತು ನನಗೆ ತಿಳಿಯದು, ನೀರು ಒಗ್ಗದು, ಸಮುದ್ರ ಎಲ್ಲೂ ಇಲ್ಲ. ಆಗ ಯಾರೂ ಕೇಳಲಿಲ್ಲ, ಊರು ಯಾಕೆ ಬಿಟ್ಟೆ, ಮನಸ್ಸಿದೆಯೇ, ಯಾವಾಗ ವಾಪಸು ಹೋಗುತ್ತೀ ಎಂದು. ಮದುವೆಯಾದ ಹೆಣ್ಣು ಹೋದರೆ ಅದು ಹೋದದ್ದು ಎಂದು ಯಾರಿಗೂ ಅನಿಸುವುದಿಲ್ಲ.

ಇದು ದೂರು ಎಂದು ತಿಳಿಯಬೇಡ. ನಿನ್ನ ಅಣ್ಣ ಒಳ್ಳೆಯ ಮನುಷ್ಯ. ಪುಣೆಯೂ ಕ್ರಮೇಣ ನನ್ನದೇ ಆಯಿತು. ಈಗಲೂ ಕನಸಿನಲ್ಲಿ ನಾನು ಜಗಳವಾಡುವುದು ಮರಾಠಿಯಲ್ಲೇ.

ಹೋದ ವರ್ಷ ಸುಖೇಶ ಪುಣೆಗೆ ಬಂದಾಗ ಅಡುಗೆಮನೆಯ ಬಾಗಿಲಿಗೆ ಬಂದು, "ಆಂಟಿ, ಅಲ್ಲಿಗೆ ನೀವು ಬರ್ತೀರಾ?" ಎಂದು ಕೇಳಿದ. ಸುಬ್ಬಯ್ಯನನ್ನು ಕೇಳಬೇಕು ಎಂದೆ. "ನಾನು ಕೇಳಿದ್ದು ನಿಮ್ಮನ್ನು," ಎಂದ. ಹುಡುಗ ದೊಡ್ಡ ವಿಷಯವೆಂದು ಹೇಳಿದ್ದಲ್ಲ. ಆದರೆ ನಾನು ತೊಳೆಯುತ್ತಿದ್ದ ಅಕ್ಕಿಯನ್ನು ಹಾಗೇ ಬಿಟ್ಟು ನಿಂತೆ. ಎಲ್ಲಿಗಾದರೂ ಹೋಗುವೆಯಾ ಎಂದು ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಬರುತ್ತೇನೆ ಎಂದು ಬಾಯಿಂದ ಬಂದುಬಿಟ್ಟಿತು. ಆಮೇಲೆ ಹೆದರಿಕೆಯಾಯಿತು. ಆ ಹೆದರಿಕೆಯೂ ಚೆಂದವಿತ್ತು.

ಕಾರಣ ಇಷ್ಟೇ. ಪುಡಿಯೂ ಅಲ್ಲ, ಗುಲಾಬಿಯೂ ಅಲ್ಲ.

ಅತ್ತಿಗೆ

*

ಪುಣೆ ಕ್ಯಾಂಪ್
11 ಮೇ 2025

ಅತ್ತಿಗೆಯವರಿಗೆ ಸುಬ್ಬಯ್ಯನ ನಮಸ್ಕಾರ.

ಫೋಟೋ ನೋಡಿದ ದಿನ ಯಶ್ಮಿತಾ ನಗುವುದನ್ನು ನಿಲ್ಲಿಸಲೇ ಇಲ್ಲ. ಅವಳಿಗೆ ಮೊದಲೇ ಗೊತ್ತಿತ್ತಂತೆ, ಫೋನಿನಲ್ಲಿ ನೀವು ಒಮ್ಮೆ ತೋರಿಸಿದ್ದಿರಂತೆ. ಮಾವ ಏನು ಬರೆಯುತ್ತಾರೆ ನೋಡೋಣ ಎಂದು ಸುಮ್ಮನಿದ್ದಳು. ಓದುವುದಿಲ್ಲ ಎಂದು ಮಾತು ಕೊಟ್ಟವಳು. ಮಲಕಪ್ಪನವರಿಗೂ ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, "ಇರ್ಲಿ ಬಿಡ್ರಿ, ಮನಸ್ಸರ ದೊಡ್ಡದಾತು," ಎಂದರು.

ನಿಮ್ಮ ಕಾಗದಕ್ಕೆ ಉತ್ತರ ಬರೆಯಲು ತಡವಾಯಿತು. ಸ್ವಾರಗೇಟಕ್ಕೆ ರಿಕ್ಷಾ ತಂದದ್ದು ನನಗೆ ನೆನಪಿದೆ. ನೀವು ದಾರಿಯುದ್ದಕ್ಕೂ ಮಾತಾಡಲಿಲ್ಲ. ಹೊಸ ಅತ್ತಿಗೆಗೆ ಬಹಳ ಗತ್ತು ಎಂದು ನಾನು ಮನೆಯಲ್ಲಿ ಹೇಳಿದ್ದೆ.

ಕಾಗದವನ್ನು ಗುಲಾಬಿಗೆ ಓದಿ ಹೇಳಿದೆ. ಓದಿ ಮುಗಿಸಿದ ಮೇಲೆ ಏನೋ ತೋಚಿ, ಪುಣೆಗೆ ಬರಲು ನಿನಗೆ ಮನಸ್ಸಿತ್ತಾ ಎಂದು ಅವಳನ್ನು ಕೇಳಿದೆ. ಅವಳು ಅಲಸಂಡೆ ಕತ್ತರಿಸುತ್ತಿದ್ದಳು.

"ನನಗೆ ಬೊಂಬಾಯಿ ಬೇಕಿತ್ತು," ಎಂದಳು.

ನಾನು ದಂಗಾದೆ. "ಮತ್ತೆ ಇಷ್ಟು ವರ್ಷ ಹೇಳಲಿಲ್ಲ ಯಾಕೆ?"

"ನೀವು ಕೇಳಿದ್ದು ಇವತ್ತಲ್ವಾ?"

ಅಷ್ಟಕ್ಕೇ ಮುಗಿಯಿತು ಎಂದುಕೊಂಡೆ. ಮರುದಿನ ಅವಳು ಯಶ್ಮಿತಾಗೆ ಫೋನ್ ಮಾಡಿ ತನ್ನ ಪಾಸ್‌ಪೋರ್ಟ್ ಎಲ್ಲಿದೆ ಎಂದು ಕೇಳಿದಳು. ಲತೇಶ ಒಮ್ಮೆ ದುಬೈ ತೋರಿಸಲೆಂದು ಮಾಡಿಸಿಟ್ಟದ್ದು. ಜೂನ್‌ನಲ್ಲಿ ನಿಮ್ಮಲ್ಲಿಗೆ ಬರುತ್ತಾಳಂತೆ. ನಿಮಗೆ ಮುಖಾಮುಖಿ ಹೇಳಬೇಕಾದ ಮಾತೊಂದು ಉಂಟಂತೆ, ಫೋನಿನಲ್ಲಿ ಆಗುವುದಿಲ್ಲವಂತೆ. ನಾನೂ ಬರಲೇ ಎಂದು ಕೇಳಿದೆ. ಹೋಟೆಲ್ ಯಾರು ನೋಡುತ್ತಾರೆ ಎಂದಳು. ಟಿಕೆಟ್ ಒಂದೇ ತೆಗೆದಿದ್ದಾರೆ.

ಕೊತ್ತಂಬರಿಯನ್ನು ಈಗ ನಾನೇ ಹುರಿಯುತ್ತೇನೆ. ಎರಡು ಸಲ ಕರಟಿತು. ಮೂರನೇ ಸಲ ಪರಿಮಳ ರಸ್ತೆಯವರೆಗೂ ಬಂತು ಎಂದು ಗಿರಾಕಿಗಳು ಹೇಳಿದರು.

ಸುಬ್ಬಯ್ಯ

*

ತ್ಬಿಲಿಸಿ
29 ಜೂನ್ 2025

ಪ್ರೀತಿಯ ಸುಬ್ಬಯ್ಯ,

ಗುಲಾಬಿ ಬಂದು ಎರಡು ವಾರವಾಯಿತು. ಉಪ್ಪಿನಕಾಯಿ ಒಡೆಯದೆ ಬಂದಿದೆ.

ಬಂದ ದಿನವೇ ಅವಳು ಲತೇಶನ ಮದುವೆಯ ಮಾತು ತೆಗೆದಳು. ಅದು ಮುಗಿದದ್ದು, ಬಿಡು ಎಂದೆ. "ಬಿಡುವುದಿಲ್ಲ ಅಕ್ಕ, ಹೇಳಲಿಕ್ಕೇ ಇಷ್ಟು ದೂರ ಬಂದದ್ದು," ಎಂದಳು. ಹೇಳಿದಳು. ಮಂಟಪದ ಎದುರಿನಿಂದ ನನ್ನನ್ನು ಕಳಿಸಿದ್ದು ತನ್ನದೇ ತಪ್ಪು ಎಂದಳು. ಕೇಳಿದ ಮೇಲೆ ನನ್ನ ಎದೆಯೂ ಹಗುರವಾಯಿತು. ಮುಗಿದಿದೆ ಎಂದು ನಾನು ತಿಳಿದದ್ದು ಪೂರ್ತಿ ಮುಗಿದಿರಲಿಲ್ಲ ಎಂದು ಆಗ ಗೊತ್ತಾಯಿತು. ಇಬ್ಬರೂ ಚೆನ್ನಾಗಿ ಅತ್ತೆವು. ಒಂದು ಅಕ್ಷರ ಅರ್ಥವಾಗದ ನಾನಾ ಕೂಡ ನಮ್ಮ ಜೊತೆ ಕೂತು ಅತ್ತು, ಆಮೇಲೆ ಎದ್ದು ಹೋಗಿ ಮೂವರಿಗೂ ಚಹಾ ತಂದರು.

ಈಗ ಅವರಿಬ್ಬರದ್ದೇ ಜೋಡಿ. ಬದನೆಕಾಯಿಗೆ ತುಂಬಿಸಲು ಅಕ್ರೋಟವೇ ಬೇಕು ಎಂದು ನಾನಾ, ತೆಂಗಿನಕಾಯಿ ಬೇಕು ಎಂದು ಗುಲಾಬಿ. ಒಬ್ಬರು ತಮ್ಮ ಭಾಷೆಯಲ್ಲಿ, ಇನ್ನೊಬ್ಬಳು ತುಳುವಿನಲ್ಲಿ ದಿನಾ ಜಗಳ. ಮಕ್ಕಳಿಗೆ ಎರಡು ಬಗೆಯ ಪಲ್ಯ ಸಿಗುತ್ತದೆ, ಅವರು ಯಾರ ಪಕ್ಷವನ್ನೂ ವಹಿಸುವುದಿಲ್ಲ. ಮೊನ್ನೆ ಗುಲಾಬಿ ನನಗೂ ಹೇಳದೆ ಹಗ್ಗದ ಮೇಲೆ ಹೋಗುವ ಗಾಡಿಯಲ್ಲಿ ಒಬ್ಬಳೇ ಕೂತು ಗುಡ್ಡದ ಮೇಲೆ ಹೋಗಿ ಊರು ನೋಡಿಕೊಂಡು ಬಂದಳು. ಹೆದರಲಿಲ್ಲವೇ ಎಂದರೆ, ಹೆದರಿದೆ, ನಾಳೆ ಮತ್ತೆ ಹೋಗುತ್ತೇನೆ ಎಂದಳು. ತರಕಾರಿ ಅಂಗಡಿಯವನ ಹೆಂಡತಿ ನನ್ನೊಡನೆ ಇನ್ನೂ ಬಿಗುವಾಗಿದ್ದರೂ ಇವಳ ಗೆಳತಿಯಾಗಿದ್ದಾಳೆ.

ಅವಳು ಯಾವಾಗ ವಾಪಸು ಬರುತ್ತಾಳೆ ಎಂದು ನೀನು ಈ ವಾರ ಮೂರು ಸಲ ಫೋನಿನಲ್ಲಿ ಕೇಳಿದ್ದೀ. ಟಿಕೆಟ್ಟಿನಲ್ಲಿ ಒಂದು ತಾರೀಕು ಬರೆದಿದೆ. ಅವಳು ಅದನ್ನು ಹತ್ತು ದಿನ ಮುಂದೆ ಹಾಕಿಸಿದ್ದಾಳೆ, ಇನ್ನೂ ಮುಂದೆ ಹಾಕಬಹುದೇ ಎಂದು ಸುಖೇಶನನ್ನು ವಿಚಾರಿಸುತ್ತಿದ್ದಾಳೆ. ನನಗೆ ಗೊತ್ತಿರುವುದು ಇಷ್ಟೇ. ಉಳಿದದ್ದನ್ನು ನನ್ನನ್ನು ಕೇಳಬೇಡ ಸುಬ್ಬಯ್ಯ, ಅವಳನ್ನೇ ಕೇಳು.

ಅತ್ತಿಗೆ